ನಿಲ್ಲಿಸುವ ಪಾಠ

ಇಡೀ ಆಸ್ಪತ್ರೆಯ ಕೆಳದರ್ಜೆ ನೌಕರರಲ್ಲಿ ಚೆನ್ನಾಗಿ ಕಲಿತು ಮುಂದೆ ಬಂದವಳು ಎಂದು ನನ್ನನ್ನು ಆರಿಸಿದರು. ನಗಬೇಡಿ. ಆವತ್ತು ನಾನೇ ನಗಲಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟೆ ಅನ್ನುವುದೂ ದೊಡ್ಡ ಮಾತಾಯಿತು. ಶಾಲೆಯೇ ನನ್ನನ್ನು ಬಿಟ್ಟಿತು. ಓದಲು ಬರುತ್ತದೆ, ಅಕ್ಷರ ದಪ್ಪಗಿದ್ದು ಯಾರೂ ಅವಸರ ಮಾಡದಿದ್ದರೆ. ಬಾಯಿ ಮಾತ್ರ ಇಬ್ಬರಿಗಾಗುವಷ್ಟಿದೆ. ನೆಲಮಾಳಿಗೆಯ ಲಾಂಡ್ರಿಯಲ್ಲಿ ನನ್ನನ್ನು ಲೌಡ್‌ಸ್ಪೀಕರ್ ಎಂದೇ ಕರೆಯುತ್ತಾರೆ. ಮಿಷನ್ನುಗಳ ಗದ್ದಲದಲ್ಲೂ ನನ್ನ ಮಾತು ಆ ತುದಿಗೆ ಮುಟ್ಟುತ್ತದೆ. ನನಗಿದ್ದ ವಿದ್ಯೆ ಅದೊಂದೇ. ಅದಕ್ಕೇ ಆರಿಸಿದರು ಅಂತ ಆಮೇಲೆ ತಿಳಿಯಿತು.

ಆಸ್ಪತ್ರೆಯ ಕೊಳೆಯೆಲ್ಲ ಇಳಿದು ಬರುವುದು ನಮ್ಮ ಹತ್ತಿರ. ರಕ್ತದ ಹಾಸು, ಕೀವಿನ ಹಾಸು, ಹೆರಿಗೆಯ ಹಾಸು, ಸತ್ತವರ ಬೆನ್ನ ಕೆಳಗಿನಿಂದ ಎಳೆದ ಹಾಸು. ಗಂಟು ಬಿಚ್ಚಿ ಕೈಯಲ್ಲೇ ಬೇರ್ಪಡಿಸಬೇಕು. ಒಳಗೆ ಏನಿದೆ ಅನ್ನುವುದು ಕೈಗೆ ತಗುಲಿದ ಮೇಲೇ ಗೊತ್ತು. ಸೂಜಿ ಚುಚ್ಚುತ್ತದೆ. ಚುಚ್ಚಿದರೆ ನಲ್ಲಿ ಕೆಳಗೆ ಹಿಡಿದು ಮತ್ತೆ ಕೆಲಸ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತು. ಪಾಪ, ಊಟಕ್ಕೆ ಪರದಾಡುತ್ತಿರಬಹುದು ಅಂತ ತೊಳೆದು ಮೇಲೆ ಒಯ್ದುಕೊಟ್ಟೆ. ನರ್ಸಮ್ಮ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ನನ್ನನ್ನು ನೋಡಿ ಮೂಗು ಮುಚ್ಚಿಕೊಂಡಳು. ನನ್ನ ಮೈ ಅಷ್ಟು ನಾರುತ್ತಿತ್ತು ಅಂತ ಕಾಣುತ್ತದೆ. ನಮಗೆ ಗೊತ್ತಾಗುವುದಿಲ್ಲ. ಮೂಗು ಸತ್ತು ಎಷ್ಟೋ ಕಾಲವಾಗಿದೆ.

ನಾವು ಹತ್ತುವ ಲಿಫ್ಟೂ ಬೇರೆ. ಅದರಲ್ಲಿ ಹೋಗುವುದು ಕೊಳೆ ಗಂಟು, ಹೆಣ, ಮತ್ತು ನಾವು. ಹೆಣ ಬಂದರೆ ನಾವು ಇಳಿದು ಜಾಗ ಬಿಡಬೇಕು.

ನನ್ನ ನಾದಿನಿಯೂ ಅಲ್ಲೇ ಕೆಲಸಕ್ಕಿದ್ದಳು. ನನ್ನ ಗಂಡನ ತಂಗಿ. ಕಟ್ಟಿಕೊಂಡವನು ಕೈಬಿಟ್ಟ ಮೇಲೆ ನಮ್ಮ ಮನೆಗೇ ಬಂದಿದ್ದಳು. ನಾನೇ ಮೇಸ್ತ್ರಿಯ ಕೈಕಾಲು ಹಿಡಿದು ಸೇರಿಸಿದ್ದೆ. ನಾನು ಬಾಯಿ, ಅವಳು ಕೈ. ನಾನು ಒಂದು ಹಾಸು ಮಡಚಿ ಎರಡು ಕಥೆ ಹೇಳುವಷ್ಟರಲ್ಲಿ ಅವಳ ಮುಂದೆ ಮಡಚಿದ ರಾಶಿ ಎದೆಯೆತ್ತರ ಬಂದಿರುತ್ತಿತ್ತು. ಹಾಗಾಗಿ ಹೊಸ ಇಸ್ತ್ರಿ ಮಿಷನ್ನು ಬಂದಾಗ ಅವಳನ್ನೇ ಅದರ ಬಾಯಿಗೆ ನಿಲ್ಲಿಸಿದರು.

ಮಿಷನ್ನು ಅಂದರೆ ಎರಡು ದಪ್ಪ ಉರುಳೆ, ಒಳಗೆ ಕೆಂಡದಂಥ ಬಿಸಿ. ಒದ್ದೆ ಹಾಸಿನ ಅಂಚು ಹಿಡಿದು ಬಾಯಿಗಿಟ್ಟರೆ ತಾನೇ ಎಳೆದುಕೊಂಡು ಆ ಕಡೆ ಒಣಗಿಸಿ, ಇಸ್ತ್ರಿ ಹಾಕಿ ಉಗುಳುತ್ತದೆ. ಕಂಪನಿಯವನು ಬಂದು ಮೇಸ್ತ್ರಿಗೆ ಒಂದು ಕಪ್ ಟೀ ಮುಗಿಯುವಷ್ಟು ಹೊತ್ತು ಏನೋ ಹೇಳಿ ಹೋದ. ಮೇಸ್ತ್ರಿ ನಮಗೆ ಟೀ ಇಲ್ಲದೆ ಹೇಳಿದ.

"ಹಿಂಗ್ ಇಡಿ. ಅದೇ ಎಳ್ಕೊಳ್ಳುತ್ತೆ. ಅಷ್ಟೇ."

ಪಕ್ಕದಲ್ಲಿ ಅಂಗೈಯಗಲದ ಕೆಂಪು ಬಟನ್ನು ಇತ್ತು. ನಾನು ಸುಮ್ಮನಿರುವವಳಲ್ಲವಲ್ಲ, ಕೇಳಿದೆ. "ಅದೇನ್ ಮೇಸ್ತ್ರಿ?"

"ಅದನ್ನ ಮುಟ್ಟಬೇಡ. ಒತ್ತಿದ್ರೆ ಮತ್ತೆ ಕಂಪನಿಯವರೇ ಬಂದು ಸರಿ ಮಾಡ್ಬೇಕಂತೆ. ಯಾರಾದ್ರೂ ಮುಟ್ಟಿದ್ರೋ, ಕೆಲಸದಿಂದ ಕಿತ್ತಾಕ್ತೀನಿ."

ನಾವು ಮರೆತೂ ಮುಟ್ಟಬಾರದೆಂದು ಅದರ ಮೇಲೆ ಒಂದು ರಟ್ಟಿನ ತುಂಡು ಮುಚ್ಚಿ, ಟೇಪು ಅಂಟಿಸಿದ. ಅವನೇನೂ ಕೆಟ್ಟವನಲ್ಲ. ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ದಡ್ಡತನ ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ಕೊನೆಯ ಮೆಟ್ಟಿಲಲ್ಲಿ ನಾವು ಕೈ ಒಡ್ಡಿ ನಿಂತಿರುತ್ತೇವೆ.

ಒಂದು ಬೆಳಿಗ್ಗೆ ಹಾಸಿನ ಅಂಚು ನಾದಿನಿಯ ಬೆರಳಿಗೆ ಸುತ್ತಿಕೊಂಡಿತು. ಮಿಷನ್ನು ಹಾಸಿನ ಜೊತೆ ಕೈಯನ್ನೂ ಎಳೆದುಕೊಂಡಿತು.

ಅವಳು ಕೂಗಿದಳು. ಅಷ್ಟು ವರ್ಷದಲ್ಲಿ ಅವಳ ಜೋರು ದನಿ ನಾನು ಕೇಳಿದ್ದು ಅದೇ ಮೊದಲು. ನಾನು ಹಿಂದಿನಿಂದ ಸೊಂಟ ಹಿಡಿದು ಎಳೆದೆ. ಇನ್ನೊಬ್ಬಳು ಹಾಸನ್ನು ಎಳೆದಳು. ಒಬ್ಬಳು ನೀರು ಎರಚಿದಳು. ಎಲ್ಲರೂ ಕಿರುಚಿದೆವು. ಮಾಂಸ ಸುಡುವ ವಾಸನೆ ಬಂತು. ಸತ್ತಿದ್ದ ಮೂಗಿಗೂ ಬಂತು. ಮೇಸ್ತ್ರಿ ಹೊರಗಿನಿಂದ ಓಡಿ ಬಂದು, ಗೋಡೆಯ ಆ ತುದಿಯಲ್ಲಿದ್ದ ಮೇನ್ ಸ್ವಿಚ್ಚು ಹುಡುಕಿ ಆರಿಸಿದ. ಕರೆಂಟು ಹೋದ ಮೇಲೂ ಆ ಭಾರದ ಉರುಳೆ ಸುಮ್ಮನಾಗಲಿಲ್ಲ. ನಿಧಾನಕ್ಕೆ ಉರುಳುತ್ತಲೇ ಇತ್ತು.

ಹೆಬ್ಬೆರಳೊಂದು ಉಳಿಯಿತು. ಮಿಕ್ಕ ಬೆರಳುಗಳಲ್ಲಿ ಎರಡನ್ನು ತೆಗೆದರು. ಎರಡು ಇವೆ, ಮಡಚುವುದಿಲ್ಲ.

ಅವಳು ಮಲಗಿದ್ದು ನಾವೇ ಇಸ್ತ್ರಿ ಹಾಕಿದ ಹಾಸಿನ ಮೇಲೆ. ಗಾಯ ಮಾಯುವ ಮೊದಲೇ ಕೆಲಸ ಹೋಯಿತು. ತರಬೇತಿ ಕೊಟ್ಟಿದ್ದರೂ ಅಜಾಗರೂಕತೆಯಿಂದ ವರ್ತಿಸಿದಳಂತೆ. ಗುತ್ತಿಗೆಯವಳು, ಆದ್ದರಿಂದ ಆಸ್ಪತ್ರೆಗೆ ಸಂಬಂಧವಿಲ್ಲವಂತೆ. ಅವಳ ಜಾಗಕ್ಕೆ ಬೇರೆಯವಳನ್ನು ನಿಲ್ಲಿಸಿದರು. ರಟ್ಟು ಹಾಗೇ ಇತ್ತು.

ಇಷ್ಟಾದ ಮೇಲೆ ಬಂತು ನನ್ನ ಭಾಗ್ಯ.

ನೌಕರರಿಗೆ ಕಲಿಸಿ ಬೆಳೆಸುವ ಸಂಸ್ಥೆ ಅಂತ ಒಂದು ಮನ್ನಣೆ ಇದೆಯಂತೆ. ಅದನ್ನು ಕೊಡುವವರು ಬಂದು, ಇಲ್ಲಿ ಕೆಲಸದವರಿಗೆ ಏನೇನು ಕಲಿಸುತ್ತಾರೆ, ಎಷ್ಟು ಜನ ಮೇಲೆ ಬಂದಿದ್ದಾರೆ ಎಂದು ನೋಡಿ ಮಾರ್ಕ್ಸ್ ಹಾಕುತ್ತಾರೆ. ಹೆಚ್ಚು ಮಾರ್ಕ್ಸ್ ಬಂದರೆ ಬಾಗಿಲಿಗೆ ಚಿನ್ನದ ಬಣ್ಣದ ಫಲಕ. ಡಾಕ್ಟರುಗಳಿಗೆ ಕ್ಲಾಸು ನಡೆಯುತ್ತಿತ್ತು. ನರ್ಸುಗಳಿಗೆ ನಡೆಯುತ್ತಿತ್ತು. ಮುಂದಿನ ಕೌಂಟರಿನವರಿಗೆ ನಗುವುದು ಹೇಗೆ ಅಂತಲೂ ಕ್ಲಾಸಿತ್ತು. ಆದರೆ ಮಾರ್ಕ್ಸ್ ಹಾಕುವವರು ಕಟ್ಟಕಡೆಯ ನೌಕರರನ್ನೂ ಮಾತಾಡಿಸುತ್ತಾರಂತೆ. ಕಟ್ಟಕಡೆ ಅಂದರೆ ಎಲ್ಲಿ ಅಂತ ಮೇಲಿನವರು ಹುಡುಕಿದ್ದಾರೆ. ಹುಡುಕುತ್ತ ಹುಡುಕುತ್ತ ನೆಲಮಾಳಿಗೆಗೆ ಬಂದಿದ್ದಾರೆ.

ತರಬೇತಿ ಮೇಡಂ ಒಳ್ಳೆಯ ಹುಡುಗಿ. ನನ್ನ ಮಗಳಿದ್ದರೆ ಅಷ್ಟೇ ವಯಸ್ಸಾಗಿರುತ್ತಿತ್ತು. ಬಂದವಳೇ ಕರ್ಚೀಫು ಮೂಗಿಗೆ ಹಿಡಿದು, ತಪ್ಪಾಯಿತೇನೋ ಎಂಬಂತೆ ಮತ್ತೆ ಇಳಿಸಿದಳು.

"ನಿಮ್ಮಲ್ಲಿ ಚೆನ್ನಾಗಿ ಮಾತಾಡೋರು ಯಾರು?"

ಎಲ್ಲರೂ ಬೆರಳು ತೋರಿಸಿದ್ದು ನನ್ನ ಕಡೆಗೆ. ಚುನಾವಣೆಗೆ ನಿಂತಿದ್ದರೆ ಅವಿರೋಧವಾಗಿ ಗೆದ್ದಿರುತ್ತಿದ್ದೆ.

ಮರುದಿನದಿಂದ ನನ್ನನ್ನು ಮೇಲಿನ ತರಬೇತಿ ಕೋಣೆಗೆ ಕರೆದೊಯ್ದರು. ಹೆಣದ ಲಿಫ್ಟಲ್ಲಿ ಅಲ್ಲ, ಕನ್ನಡಿ ಇರುವ ಲಿಫ್ಟಲ್ಲಿ. ಕನ್ನಡಿಯಲ್ಲಿ ಯಾರೋ ಮುದುಕಿ ನಿಂತಿದ್ದಳು. ಸರಿದು ಜಾಗ ಬಿಟ್ಟೆ. ಅವಳೂ ಸರಿದಳು. ಕೋಣೆಯ ಬಾಗಿಲಲ್ಲಿ ಮೇಡಂ ನನ್ನ ಮೇಲೆ ಘಮಘಮ ಏನೋ ಪುಸ್ ಅಂತ ಹೊಡೆದಳು. ಹೊಸ ಏಪ್ರನ್ನು ತೊಡಿಸಿದಳು. ಬೆನ್ನಿನ ಕಡೆ ಅದರ ಬೆಲೆಚೀಟಿ ಹಾಗೇ ಇತ್ತು, ಹಿಂದಿರುಗಿಸಬೇಕಿತ್ತಂತೆ. ಮೆತ್ತನೆಯ ಕುರ್ಚಿ. ಕೂತರೆ ಸೊಂಟದವರೆಗೆ ಮುಳುಗುತ್ತದೆ. ತಂಪು ಗಾಳಿ. ಇಷ್ಟು ಸುಖದಲ್ಲಿ ಕತ್ತೆಯೂ ಕಲಿತೀತು ಅನ್ನಿಸಿತು.

ಕಲಿಯಬೇಕಾದ್ದು ಇಷ್ಟೇ. ಇಲ್ಲಿ ನೀವು ಏನು ಕಲಿತಿರಿ ಎಂದು ಕೇಳಿದರೆ "ಸುರಕ್ಷತೆ, ಸ್ವಚ್ಛತೆ, ಸಂವಹನ" ಅನ್ನಬೇಕು.

"ಸುರಕ್ಷತೆ, ಸ್ವಚ್ಛತೆ, ಸಂಹಾರ," ಅಂದೆ.

"ಸಂವಹನ, ಅಮ್ಮಾ. ಅಂದ್ರೆ ಒಬ್ಬರಿಗೊಬ್ಬರು ಮಾತಾಡೋದು."

"ಅದಕ್ಕೆ ಇಷ್ಟು ಕಷ್ಟದ ಹೆಸರು ಯಾಕಿಟ್ರು? ಮಾತಾಡೋಕೇ ಹೆದರಿಕೆ ಆಗ್ಲಿ ಅಂತಾನಾ?"

ಮೇಡಂ ನಕ್ಕಳು. ನನಗೆ ಇನ್ನಷ್ಟು ಹುರುಪು ಬಂತು. ಕೆಲಸ ಮಾಡುತ್ತ ಬಾಯಿಪಾಠ ಮಾಡಿದೆ. ಕೊಳೆ ಗಂಟು ಬಿಚ್ಚುತ್ತ "ಸ್ವಚ್ಛತೆ, ಸ್ವಚ್ಛತೆ" ಅನ್ನುತ್ತಿದ್ದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ನನ್ನನ್ನು ಖಾಯಂ ಮಾಡಿ ಮೇಲ್ವಿಚಾರಕಿ ಮಾಡುತ್ತಾರೆಂದು ಮೇಡಂ ಸೂಚ್ಯವಾಗಿ ಹೇಳಿದ್ದಳು. ನಾನು ಆಗಲೇ ಮೇಲ್ವಿಚಾರಕಿಯ ನಡಿಗೆ ನಡೆಯಲು ಶುರು ಮಾಡಿದ್ದೆ. ಕೈ ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಬಿಟ್ಟುಕೊಂಡು. ಹೊಟ್ಟೆ ಮೊದಲೇ ತಯಾರಿತ್ತು.

ಮನೆಯಲ್ಲಿ ನನ್ನ ಗಂಡ ಕೇಳಿದ. "ಅಂಥಾದ್ದು ಏನ್ ಕಲಿಸಿದ್ರೇ ನಿನಗೆ?"

"ಸಂವಹನ."

"ಅದೊಂದು ಬಾಕಿ ಇತ್ತು," ಅಂದ.

ನಾದಿನಿ ಮೂಲೆಯಲ್ಲಿ ಕೂತು ಎಡಗೈಯಲ್ಲಿ ಊಟ ಮಾಡುತ್ತಿದ್ದಳು. ಅವಳೂ ನಕ್ಕಳು. "ಅತ್ತಿಗೆ ದೊಡ್ಡ ಮನುಷ್ಯಳಾದ್ಲು," ಅಂದಳು. ಹೊಟ್ಟೆಕಿಚ್ಚಿಲ್ಲದೆ ಅಂದಳು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಕೊನೆಯ ಅಭ್ಯಾಸದ ದಿನ ಮೇಡಂ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟಳು. ಕೈ ತೊಳೆಯುವ ಚಿತ್ರ, ಬೆಂಕಿ ಆರಿಸುವ ಚಿತ್ರ. ಆಮೇಲೆ ನಮ್ಮ ಇಸ್ತ್ರಿ ಮಿಷನ್ನಿನ ಚಿತ್ರ. ನೋಡಿದ ಕೂಡಲೇ ಗುರುತು ಸಿಕ್ಕಿ ಖುಷಿಯಾಯಿತು, ಟಿವಿಯಲ್ಲಿ ನೆಂಟರನ್ನು ಕಂಡ ಹಾಗೆ. ಚಿತ್ರದಲ್ಲಿ ರಟ್ಟು ಇರಲಿಲ್ಲ. ಕೆಂಪು ಬಟನ್ನಿಗೆ ಬಾಣ ಹಾಕಿ ಪಕ್ಕದಲ್ಲಿ ದಪ್ಪಗೆ ಬರೆದಿತ್ತು. ದಪ್ಪಗಿದ್ದದ್ದರಿಂದ ಓದಿದೆ. ತುರ್ತು ನಿಲುಗಡೆ.

"ಇದನ್ನೂ ಕೇಳ್ಬಹುದು," ಅಂದಳು ಮೇಡಂ. "ಅಪಾಯ ಆದಾಗ ಏನ್ ಮಾಡ್ತೀರಿ ಅಂದ್ರೆ, ಕೆಂಪು ಗುಂಡಿ ಒತ್ತಿ ಮಿಷನ್ ನಿಲ್ಲಿಸ್ತೀವಿ ಅನ್ನಿ. ಮಿಷನ್ ಬಂದಾಗ್ಲೇ ಎಲ್ರಿಗೂ ತರಬೇತಿ ಆಯ್ತು ಅನ್ನಿ."

"ಅದು ನಿಲ್ಲಿಸೋದಾ ಮೇಡಂ?"

"ಹೌದಮ್ಮಾ. ಯಾಕೆ?"

"ಒತ್ತಿದ್ರೆ ಕೆಡಲ್ವಾ?"

"ಕೆಡೋದಾ? ನಿಲ್ಲಿಸೋಕೇ ತಾನೇ ಇಟ್ಟಿರೋದು."

ನಾನು ಆ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದೆ. ನಾದಿನಿಯ ಸೊಂಟ ಹಿಡಿದು ಎಳೆಯುತ್ತಿದ್ದಾಗ ಆ ರಟ್ಟು ನನ್ನ ಮೊಣಕೈಗೆ ತಗುಲುತ್ತಿತ್ತು. ಅಷ್ಟು ಹತ್ತಿರ. ಮೊಣಕೈ ಒಂದಿಷ್ಟು ಜೋರಾಗಿ ತಗುಲಿದ್ದರೆ ಸಾಕಿತ್ತು.

ಮೇಡಂ ನೀರು ಕೊಟ್ಟಳು. "ಹೆದರ್ಬೇಡಿ, ಚೆನ್ನಾಗಿ ಹೇಳ್ತೀರಿ," ಅಂದಳು. ನೆಲಮಾಳಿಗೆಯಲ್ಲಿ ಒಬ್ಬಳ ಕೈ ಹೋಗಿದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾನು ಕೇಳಲಿಲ್ಲ.

ಸಂಜೆ ಮನೆಗೆ ಹೋದರೆ ನಾದಿನಿ ಎಡಗೈಯಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿದಳು. "ನಾಳೆ ದೊಡ್ಡೋರ ಮುಂದೆ ಹೋಗ್ತಿದ್ದೀಯ, ಕೂದ್ಲು ನೀಟಾಗಿರ್ಲಿ," ಅಂದಳು. ಹೇಳಬೇಕೆಂದು ಬಾಯಿ ತೆರೆದೆ. ಆಕಳಿಕೆ ಬಂದವಳಂತೆ ಮುಚ್ಚಿಕೊಂಡೆ.

ಮರುದಿನ ಅದೇ ತರಬೇತಿ ಕೋಣೆಗೆ ಮಾರ್ಕ್ಸ್ ಹಾಕುವವರು ಇಬ್ಬರು ಬಂದಿದ್ದರು. ಒಬ್ಬ ಕನ್ನಡಕದ ಸಾಹೇಬ, ಒಬ್ಬ ನರೆಗೂದಲಿನ ಹೆಂಗಸು. ಹಿಂದೆ ಆಸ್ಪತ್ರೆಯ ದೊಡ್ಡ ಸಾಹೇಬರು, ತರಬೇತಿ ಮೇಡಂ. ನನಗೆ ಹೆದರಿಕೆಯಿಂದ ಒಂದಕ್ಕೆ ಒತ್ತರಿಸಿಕೊಂಡು ಬಂದಿತ್ತು. ಬಂಡಾಯ ಮಾಡುವವರು ಸಿಂಹದ ಹಾಗೆ ನಿಲ್ಲುತ್ತಾರೆ ಅನ್ನುತ್ತಾರೆ. ನಾನು ಮೊಣಕಾಲು ಜೋಡಿಸಿಕೊಂಡು ನಿಂತಿದ್ದೆ.

"ಇಲ್ಲಿ ಏನೇನು ಕಲಿತ್ರಮ್ಮ?" ಸಾಹೇಬ ಕೇಳಿದ.

"ಸುರಕ್ಷತೆ, ಸ್ವಚ್ಛತೆ, ಸಂಹಾರ."

ಬೇಕಂತ ಅಂದದ್ದಲ್ಲ. ನಾಲಿಗೆ ತಾನೇ ಅಂದಿತು. ಸಾಹೇಬ ಕೆಮ್ಮಿದ. ದೊಡ್ಡ ಸಾಹೇಬರು ಮೇಡಂ ಕಡೆ ನೋಡಿದರು. ನರೆಗೂದಲಿನ ಹೆಂಗಸು ನಗು ಹತ್ತಿಕ್ಕಿಕೊಂಡು ಮುಂದಕ್ಕೆ ಬಾಗಿದಳು.

"ಮಿಷನ್ ಹತ್ರ ಅಪಾಯ ಆದ್ರೆ ಏನ್ ಮಾಡ್ಬೇಕು ಅಂತ ನಿಮಗೆ ಹೇಳ್ಕೊಟ್ಟಿದಾರಾ?"

"ಹೇಳ್ಕೊಟ್ಟಿದಾರೆ. ಕೆಂಪು ಗುಂಡಿ ಒತ್ತಿ ನಿಲ್ಲಿಸ್ಬೇಕು."

ಎಲ್ಲರ ಮುಖವೂ ಸಡಿಲಾಯಿತು. ಮೇಡಂ ಹಿಂದಿನಿಂದ ತಲೆಯಾಡಿಸಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಈಗ ನಾನು ಮೇಲ್ವಿಚಾರಕಿ.

"ಯಾವಾಗ ಹೇಳ್ಕೊಟ್ರು?" ಆ ಹೆಂಗಸು ಕೇಳಿದಳು.

"ನಿನ್ನೆ."

"ನಿನ್ನೆ?"

"ಹೂಂ. ಇದೇ ಕುರ್ಚಿ ಮೇಲೆ ಕೂರಿಸಿ. ನೀವು ಬರ್ತೀರಿ ಅಂತ. ನನ್ನ ನಾದಿನಿ ಕೈ ಸುಟ್ಟುಹೋದ್ಮೇಲೆ."

ನನ್ನ ದನಿ ಗಟ್ಟಿಯಾಗೇನೂ ಇರಲಿಲ್ಲ. ಕೀರಲು ಹೊಡೆಯುತ್ತಿತ್ತು. ಮೂಗು ಬೇರೆ ಸೋರುತ್ತಿತ್ತು. ಆ ಹೊಸ ಏಪ್ರನ್ನಿನಿಂದಲೇ ಒರೆಸಿಕೊಂಡೆ. ಇನ್ನು ಅಂಗಡಿಯವನು ವಾಪಸ್ಸು ತೆಗೆದುಕೊಳ್ಳುವ ಹಾಗಿರಲಿಲ್ಲ.

"ಆ ಗುಂಡಿ ಮೇಲೆ ರಟ್ಟು ಅಂಟ್ಸಿದಾರೆ. ಈಗ್ಲೂ ಇದೆ. ನಿಲ್ಲಿಸೋದು ಅಂತ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ದೇ ಅವಳ ಕೈ ಹೋಯ್ತು. ಕಲ್ಸಿದ್ವಿ, ಅವಳೇ ಕಲೀಲಿಲ್ಲ ಅಂತ ಹೊರಗೆ ಹಾಕಿದ್ರು. ಬನ್ನಿ, ಕೆಳಗೆ ಬಂದು ನೋಡಿ."

ದೊಡ್ಡ ಸಾಹೇಬರು ಗುತ್ತಿಗೆ, ಗುತ್ತಿಗೆದಾರ ಎಂದು ಏನೋ ಶುರು ಮಾಡಿದರು. ಕನ್ನಡಕದ ಸಾಹೇಬ ಗಡಿಯಾರ ನೋಡಿಕೊಂಡ.

"ನಿಮ್ಮ ನೋವು ಅರ್ಥ ಆಗುತ್ತಮ್ಮ. ಆದ್ರೆ ಅಪಘಾತದ ದೂರು ಬೇರೆ ಕಡೆ ಕೊಡ್ಬೇಕು. ನಾವು ನೋಡೋದು ಕಲಿಕೆ ಮಾತ್ರ."

"ನಾನೂ ಅದನ್ನೇ ಹೇಳ್ತಿರೋದು ಸ್ವಾಮಿ."

ನರೆಗೂದಲಿನ ಹೆಂಗಸು ಮಾತ್ರ ಎದ್ದು ನಿಂತಳು. ಕೆಳಗೆ ಬರುತ್ತಾಳೆ ಅಂದುಕೊಂಡೆ. ಬಾಗಿಲವರೆಗೆ ಬಂದಳು. ಸಾಹೇಬ ಕರೆದ, ಬೇರೆ ಕಡೆ ಹೊತ್ತಾಗುತ್ತದೆಯಂತೆ. ನಿಂತಳು. ನನ್ನನ್ನು ನೋಡಿದಳು. ಹಿಂದಿರುಗಿದಳು.

ಫಲಕ ಅವರಿಗೆ ಸಿಕ್ಕಿತು, ಈಗಲೇ ಹೇಳಿಬಿಡುತ್ತೇನೆ. ಚಿನ್ನದ್ದಲ್ಲ, ಬೆಳ್ಳಿಯದ್ದು. ಮುಂಬಾಗಿಲಲ್ಲಿ ಹೊಳೆಯುತ್ತಿದೆ. ನನ್ನ ಇಡೀ ಭಾಷಣದ ಬೆಲೆ ಚಿನ್ನ ಬೆಳ್ಳಿಯಾಗುವಷ್ಟು.

ನಾನು ಮೆಟ್ಟಿಲಿಳಿದು ಕೆಳಗೆ ಬರುವುದರೊಳಗೆ ಸುದ್ದಿ ಲಿಫ್ಟಲ್ಲಿ ಬಂದಿತ್ತು. ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ.

"ನಾಳೆಯಿಂದ ಬರ್ಬೇಡ್ವಂತೆ."

"ಯಾರಂದ್ರು?"

"ಮೇಲಿಂದ ಅಂದ್ರು. ನಾನಲ್ಲ. ನಿನಗ್ಯಾಕೆ ಬೇಕಿತ್ತು ಇದೆಲ್ಲ? ಸುಮ್ನೆ ಕುರ್ಚಿ ಮೇಲೆ ಕೂತ್ಕೊಂಡು ಬರೋದಲ್ವಾ?"

ಅವನ ಮಾತಲ್ಲಿ ನ್ಯಾಯವಿತ್ತು. ಕುರ್ಚಿ ನಿಜವಾಗಿಯೂ ಚೆನ್ನಾಗಿತ್ತು.

ಹೆಂಗಸರು ಸುತ್ತ ಸೇರಿದರು. ಏನಾಯಿತು ಅಂದರು. ನಾನು ಕಥೆ ಕಟ್ಟಲಿಲ್ಲ, ಬಣ್ಣ ಹಚ್ಚಲಿಲ್ಲ. "ಆ ಕೆಂಪು ಬಟನ್ನು ಮಿಷನ್ ನಿಲ್ಲಿಸೋದಂತೆ ಕಣ್ರೇ," ಅಂದೆ.

ಮಿಷನ್ನು ತಿರುಗುತ್ತಲೇ ಇತ್ತು. ನಾದಿನಿಯ ಜಾಗಕ್ಕೆ ಬಂದವಳು ಹಾಸಿನ ಅಂಚು ಹಿಡಿದು ನಿಂತಿದ್ದಳು. ಅವಳು ನಿಧಾನವಾಗಿ ಅದನ್ನು ಕೈಬಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ಕೊಳೆ ಗಂಟಿನ ಮೇಲೆ ಕೂತಳು.

"ನಾನು ಇಡಲ್ಲ," ಅಂದಳು.

ಅವಳ ಪಕ್ಕ ಇನ್ನೊಬ್ಬಳು ಕೂತಳು. ಆಮೇಲೆ ಎಲ್ಲರೂ. ಒಗೆಯುವವರೂ ಕೂತರು, ಬೇರ್ಪಡಿಸುವವರೂ ಕೂತರು. ನಾನು ಮಾತ್ರ ನಿಂತಿದ್ದೆ. ನನ್ನನ್ನು ಆಗಲೇ ಕಿತ್ತುಹಾಕಿದ್ದರಲ್ಲ, ಕೂರುವ ಅಧಿಕಾರ ಇದೆಯೋ ಇಲ್ಲವೋ ಅಂತ ಗೊಂದಲ. ಒಬ್ಬಳು ಏಪ್ರನ್ನು ಹಿಡಿದು ಎಳೆದು ಕೂರಿಸಿದಳು.

"ಏನ್ರೇ ಇದು?" ಮೇಸ್ತ್ರಿ ಕೂಗಿದ. "ಮೇಲೆ ಹಾಸು ಬೇಕು!"

"ಮೊದ್ಲು ಕಲಿಸ್ಲಿ," ಅಂದಳು ಗಂಟಿನ ಮೇಲೆ ಕೂತವಳು. "ನಿನಗಲ್ಲ. ನಮಗೆ. ಒಬ್ಬೊಬ್ರಿಗೂ."

"ಇವಳನ್ನ ತೆಗಿಬಾರ್ದು," ಇನ್ನೊಬ್ಬಳು ನನ್ನ ಬೆನ್ನಿಗೆ ಗುದ್ದಿ ಹೇಳಿದಳು. "ಇವಳ ನಾದಿನೀನೂ ವಾಪಸ್ ಬರ್ಬೇಕು. ಅವಳಿಲ್ದೆ ಪಾಠ ಶುರು ಆಗ್ಬಾರ್ದು."

ಮಧ್ಯಾಹ್ನದ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. ಮೊದಲು ವಾರ್ಡಿನಿಂದ. ಆಮೇಲೆ ಹೆರಿಗೆ ಕೋಣೆಯಿಂದ. ಆಮೇಲೆ ಆಪರೇಷನ್ ಥಿಯೇಟರಿನಿಂದ. ಲಿಫ್ಟು ಕೊಳೆ ಗಂಟುಗಳನ್ನು ತಂದು ಸುರಿಯುತ್ತಲೇ ಇತ್ತು. ನಾವು ಅದರ ನಡುವೆ ಕೂತಿದ್ದೆವು. ನನಗೆ ಭಯವಾಗುತ್ತಿತ್ತು. ಮೇಲೆ ಯಾರೋ ಹಾಸಿಲ್ಲದೆ ಮಲಗಿರುತ್ತಾರೆ, ಅವರೂ ನಮ್ಮಂಥವರೇ ಆಗಿರುತ್ತಾರೆ ಅನ್ನಿಸುತ್ತಿತ್ತು. ಎದ್ದುಬಿಡೋಣ ಅಂತ ಎರಡು ಸಲ ಬಾಯಿಗೆ ಬಂತು. ಇಷ್ಟೆಲ್ಲ ಶುರು ಮಾಡಿದವಳೇ ಮೊದಲು ಎದ್ದರೆ ಈ ಹೆಂಗಸರು ನನ್ನನ್ನು ಒಗೆಯುವ ಡ್ರಮ್ಮಿಗೆ ಹಾಕುತ್ತಾರೆ ಎಂಬ ಧೈರ್ಯದ ಮೇಲೆ ಕೂತಿದ್ದೆ.

ದೊಡ್ಡ ಸಾಹೇಬರು ಮೆಟ್ಟಿಲ ಅರ್ಧಕ್ಕೆ ಇಳಿದು ಅಲ್ಲೇ ನಿಂತರು. ಕೆಳಗಿನ ನಾಲ್ಕೈದು ಮೆಟ್ಟಿಲು ಇಳಿಯಲು ಅವರಿಂದ ಆಗಲಿಲ್ಲ. ಅಲ್ಲಿಂದಲೇ, ಕಂಪನಿಯವನು ಬರುತ್ತಾನೆ, ಎಲ್ಲರಿಗೂ ಹೇಳಿಕೊಡುತ್ತಾನೆ ಅಂದರು. ನನ್ನ ಕೆಲಸ ಇರಲಿ ಅಂದರು. ನಾದಿನಿಯ ಕೆಲಸದ ಬಗ್ಗೆ "ನೋಡೋಣ" ಅಂದರು. ಇವತ್ತಿಗೂ ನೋಡುತ್ತಲೇ ಇದ್ದಾರೆ. ನಾವೂ ತಿಂಗಳಿಗೊಮ್ಮೆ ಹೋಗಿ, ನೋಡಿದ್ರಾ ಅಂತ ಕೇಳುತ್ತಲೇ ಇದ್ದೇವೆ. ನನ್ನನ್ನು ಮಡಚುವ ಕಡೆಯಿಂದ ತೆಗೆದು ರಕ್ತದ ಗಂಟು ಬಿಚ್ಚುವ ಕಡೆ ಹಾಕಿದರು. ನನಗೆ ಸಿಕ್ಕ ಬಡ್ತಿ ಅದು.

ಆವತ್ತೇ ಸಂಜೆ ಕಂಪನಿಯವನು ಬಂದ. ನಾನು ಫೋನು ಮಾಡಿ ಹೇಳಿದ್ದಕ್ಕೆ ನನ್ನ ಗಂಡ ನಾದಿನಿಯನ್ನು ಕರೆತಂದ. ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಬಂದಳು. ಮಿಷನ್ನು ಕಾಣುವಷ್ಟು ದೂರದಲ್ಲಿ ನಿಂತಳು, ಮುಂದೆ ಬರಲಿಲ್ಲ.

ಕಂಪನಿಯವನು ಟೇಪು ಕಿತ್ತ. ರಟ್ಟು ಬಿತ್ತು.

"ಏನೇ ಆಗ್ಲಿ, ಮೊದ್ಲು ಇದನ್ನ ಒತ್ತಿ. ಆಮೇಲೆ ಕೂಗಿ," ಅಂದ. "ಒತ್ತಿದ ಮೇಲೆ ಈ ಬೀಗದ ಕೈ ತಿರುಗಿಸಿ ಮತ್ತೆ ಶುರು ಮಾಡ್ಬಹುದು. ಯಾರೂ ಬಂದು ಸರಿ ಮಾಡೋದು ಏನಿಲ್ಲ."

ಮೇಸ್ತ್ರಿ ಬಿದ್ದ ರಟ್ಟನ್ನು ಕಾಲಿಂದ ಪಕ್ಕಕ್ಕೆ ಸರಿಸಿದ.

"ಎಷ್ಟ್ ಹೊತ್ತಲ್ಲಿ ನಿಲ್ಲುತ್ತೆ?" ಹಿಂದಿನಿಂದ ನಾದಿನಿ ಕೇಳಿದಳು.

ಅವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. "ತಕ್ಷಣ," ಅಂದ. ಒಂದು ಹಾಸು ಬಾಯಿಗಿಟ್ಟು ಒತ್ತಿ ತೋರಿಸಿದ.

ಉರುಳೆ ನಿಂತಿತು. ಉರುಳಲಿಲ್ಲ, ಜಾರಲಿಲ್ಲ. ಅರ್ಧ ಒಳಗೆ ಹೋಗಿದ್ದ ಹಾಸು ಅರ್ಧದಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅಷ್ಟು ನಿಶ್ಶಬ್ದ ನಾವು ಕೇಳಿರಲಿಲ್ಲ.

ನಾದಿನಿ ಹತ್ತಿರ ಬಂದಳು. ಹಾಸಿನ ಹೊರಗುಳಿದ ಅರ್ಧವನ್ನು ಎಡಗೈಯಿಂದ ಮುಟ್ಟಿದಳು. ಅಳುತ್ತಾಳೆಂದು ನಾನು ಹೆಗಲಿಗೆ ಕೈ ಹಾಕಲು ಹೋದೆ. ಸರಿಸಿದಳು.

"ಇನ್ನೊಂದ್ಸಲ," ಅಂದಳು.

ಅವನು ಶುರು ಮಾಡಿದ, ಒತ್ತಿದ. ನಿಂತಿತು.

"ಇನ್ನೊಂದ್ಸಲ."

ನಿಂತಿತು. ಫೋನು ಬಡಿದುಕೊಳ್ಳುತ್ತಿತ್ತು. ಮೇಸ್ತ್ರಿ ಮೆಲ್ಲಗೆ "ಸಾಕು ತಾಯಿ, ಮೇಲೆ ಕಾಯ್ತಿದಾರೆ," ಅಂದ. ಅವಳು ಅವನ ಕಡೆ ತಿರುಗಲಿಲ್ಲ. ಕಂಪನಿಯವನು ಈಗ ಅವಳ ಬ್ಯಾಂಡೇಜು ನೋಡಿದ್ದ.

"ಇನ್ನೊಂದ್ಸಲ," ಅಂದಳು.